ಹಳೇ ಸ್ಟಾರ್ ಕೋಚ್ ಆಗಿ ಬಂದರೆ ಊರಿನ ಹುಡುಗರು ಸಿಗುತ್ತಾರಾ? (ಅಮೆರಿಕದ ಕಾಲೇಜ್ ಫುಟ್‌ಬಾಲ್)

ಕೊಲಂಬಸ್_ಕನ್ನಡಿಗ
ಭಾನುವಾರ, ಬೆಳಿಗ್ಗೆ 9:12

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಇದು ಮೆಸ್ಸಿ ಆಡುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕದ ಫುಟ್‌ಬಾಲ್. ಆಸಕ್ತಿ ಇಲ್ಲದವರು ಪಕ್ಕದ ಹೋಳಿಗೆ ಚರ್ಚೆಗೆ ಹೋಗಬಹುದು, ಬೇಜಾರಿಲ್ಲ.

ನನ್ನ ಮಗ ಓದುವ ಹೈಸ್ಕೂಲಿನಲ್ಲಿ ಶುಕ್ರವಾರ ರಾತ್ರಿ ಮ್ಯಾಚ್ ಇದ್ದರೆ ಅಪ್ಪ ಅಮ್ಮಂದಿರು ಸರದಿ ಪ್ರಕಾರ ತಿಂಡಿ ಅಂಗಡಿ ನೋಡಿಕೊಳ್ಳಬೇಕು. ನನ್ನ ಪಾಲಿಗೆ ಯಾವಾಗಲೂ ನಾಚೋಸ್. ಹೋದ ಸೆಪ್ಟೆಂಬರಿನಲ್ಲಿ ಒಂದು ಶುಕ್ರವಾರ ಚೀಸ್ ಸುರಿಯುತ್ತಾ ನಿಂತಿದ್ದೆ. ಇದ್ದಕ್ಕಿದ್ದ ಹಾಗೆ ಸಾಲು ಖಾಲಿ ಆಯಿತು. ನೋಡಿದರೆ ಅಪ್ಪಂದಿರೆಲ್ಲ ಬೇಲಿ ಹತ್ತಿರ ಓಡಿದ್ದಾರೆ. ಅಲ್ಲಿ ಒಬ್ಬರು ನಿಂತಿದ್ದರು. ಇಪ್ಪತ್ತು ವರ್ಷದ ಹಿಂದೆ ಶನಿವಾರ ಟಿವಿ ಹಾಕಿದರೆ ಅವರದೇ ಆಟ. ಈಗ ಪಕ್ಕದ ರಾಜ್ಯದ ಕಾಲೇಜೊಂದರಲ್ಲಿ ಅಸಿಸ್ಟೆಂಟ್ ಕೋಚ್. ಹೆಸರು ಬೇಡ. ನಮ್ಮ ಬೀದಿಯ ಹುಡುಗ ಒಬ್ಬ ರಿಸೀವರ್ (ಎಸೆದ ಚೆಂಡು ಹಿಡಿಯುವವ) ಆಗಿ ಆಡುತ್ತಾನೆ, ಅವನ ಆಟ ನೋಡಲು ಬಂದಿದ್ದರು.

ತಮಾಷೆ ಏನಂದರೆ, ಹುಡುಗರಲ್ಲಿ ಒಬ್ಬನೂ ತಿರುಗಿ ನೋಡಲಿಲ್ಲ. ನನ್ನ ಮಗ "ಯಾರಪ್ಪಾ ಅದು?" ಅಂದ. ಸೆಲ್ಫಿಗೆ ಮುಗಿಬಿದ್ದವರೆಲ್ಲ ನಲವತ್ತು ದಾಟಿದವರು.

ಅವತ್ತಿನಿಂದ ತಲೆಯಲ್ಲಿ ಒಂದೇ ಹುಳ. ಎಲ್ಲ ಕಾಲೇಜುಗಳೂ ತಮ್ಮ ಹಳೇ ಹೀರೋಗಳನ್ನು ಕರೆದು ಕೋಚ್ ಮಾಡುತ್ತಿವೆ. "ಈಗ ಊರಿನ ಹುಡುಗರು ಊರು ಬಿಟ್ಟು ಹೋಗಲ್ಲ" ಅಂತ ಅಭಿಮಾನಿಗಳು ಕುಣಿಯುತ್ತಾರೆ. ನಿಜವಾಗಿ ಹಾಗಾಗುತ್ತಾ? ಹುಡುಗರಿಗೆ ಅವರ ಗುರುತೇ ಇಲ್ಲವಲ್ಲ? ನಿಮ್ಮ ಊರಿನಲ್ಲಿ ಏನಾಯಿತು ಹೇಳಿ.


ಒಮಾಹಾದ_ಹುಬ್ಳಿಯವ
ಭಾನುವಾರ, ಬೆಳಿಗ್ಗೆ 9:40

ಗುರುವೇ, ಗಾಯಕ್ಕೆ ಉಪ್ಪು ಹಾಕಿದೆ.

ಸ್ಕಾಟ್ ಫ್ರಾಸ್ಟ್. ಅಷ್ಟೇ ನನ್ನ ಉತ್ತರ.

ಬಿಡಿಸಿ ಹೇಳುತ್ತೇನೆ. ನೆಬ್ರಾಸ್ಕದ ವುಡ್ ರಿವರ್ ಅನ್ನುವ ಪುಟ್ಟ ಊರಿನ ಹುಡುಗ. 1997ರಲ್ಲಿ ನೆಬ್ರಾಸ್ಕ ರಾಷ್ಟ್ರೀಯ ಚಾಂಪಿಯನ್‌ಶಿಪ್ ಹಂಚಿಕೊಂಡಾಗ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಅವನೇ. ಕೋಚ್ ಆಗಿ 2017ರಲ್ಲಿ ಸೆಂಟ್ರಲ್ ಫ್ಲಾರಿಡಾ ತಂಡವನ್ನು 13-0 (13 ಗೆಲುವು, ಸೋಲೇ ಇಲ್ಲ) ಮಾಡಿಸಿದ. ಮರುವರ್ಷ ನೆಬ್ರಾಸ್ಕಕ್ಕೇ ಹೆಡ್ ಕೋಚ್ ಆಗಿ ಮನೆಗೆ ಬಂದ. ಆ ದಿನ ನಮ್ಮ ಆಫೀಸಿನಲ್ಲಿ ಯಾರೂ ಕೆಲಸ ಮಾಡಲಿಲ್ಲ. ಅಳಿಯ ಮೊದಲ ದೀಪಾವಳಿಗೆ ಮನೆಗೆ ಬಂದ ಹಾಗೆ ಸಂಭ್ರಮ.

ಆಮೇಲೆ? ನಾಲ್ಕು ವರ್ಷ ಚಿಲ್ಲರೆ, 16 ಗೆಲುವು, 31 ಸೋಲು. 2021ರಲ್ಲಿ ಒಂಬತ್ತು ಮ್ಯಾಚ್ ಸೋತರು, ಒಂಬತ್ತೂ ಹತ್ತಕ್ಕಿಂತ ಕಡಿಮೆ ಪಾಯಿಂಟ್ ಅಂತರದಲ್ಲಿ. 2022ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾ ಸದರ್ನ್ ಬಂದು 45-42ರಲ್ಲಿ ಸೋಲಿಸಿ ಹೋಯಿತು. ಮರುದಿನ ಫ್ರಾಸ್ಟ್ ಮನೆಗೆ.

ಊರಿನ ಮಗ ಅಂತ ಬಂದವನನ್ನು ಊರಿನವರೇ ಕಳಿಸಬೇಕಾಯಿತು. ಇದಕ್ಕಿಂತ ನೋವು ಬೇರೆ ಇಲ್ಲ. ಹೊರಗಿನವನಾಗಿದ್ದರೆ ಎರಡೇ ವರ್ಷಕ್ಕೆ ಕಳಿಸುತ್ತಿದ್ದರು. ಇವನಿಗೆ ಅದೇ ಹೆಸರು ಇನ್ನೂ ಎರಡು ವರ್ಷ ಕೊಟ್ಟಿತು, ನಮಗೆ ಇನ್ನೂ ಎರಡು ವರ್ಷದ ಸೋಲು.


ಸುಮ್ನೆ_ಓದೋಳು
ಭಾನುವಾರ, ಬೆಳಿಗ್ಗೆ 10:05

ದಾವಣಗೆರೆಯಿಂದ ನಮಸ್ಕಾರ. ಅಕ್ಕ ಮಿನಿಯಾಪೊಲಿಸ್‌ನಲ್ಲಿ ಇದ್ದಾಳೆ, ಅದಕ್ಕೇ ಇಲ್ಲೆಲ್ಲ ಇಣುಕುತ್ತೇನೆ. ದಡ್ಡ ಪ್ರಶ್ನೆ ಅನ್ನಿಸಿದರೆ ಕ್ಷಮಿಸಿ. ಕೋಚ್ ಹೋಗಿ ಹುಡುಗರನ್ನು ಯಾಕೆ ಓಲೈಸಬೇಕು? ಹರಾಜು, ಡ್ರಾಫ್ಟ್, ಅಂಥದ್ದೇನೂ ಇಲ್ವಾ?


ಕೊಲಂಬಸ್_ಕನ್ನಡಿಗ
ಭಾನುವಾರ, ಬೆಳಿಗ್ಗೆ 10:31

ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಎಲ್ಲದರ ಬೇರು ಅದೇ.

ಪ್ರೊ ಕಬಡ್ಡಿ ಹರಾಜಿನಲ್ಲಿ ತಂಡ ಆಟಗಾರನನ್ನು ಕೊಳ್ಳುತ್ತದೆ. ಆಟಗಾರನಿಗೆ ಹೆಚ್ಚು ಆಯ್ಕೆ ಇರಲ್ಲ. ಇಲ್ಲಿನ ಕಾಲೇಜ್ ಫುಟ್‌ಬಾಲಿನಲ್ಲಿ ಉಲ್ಟಾ. ಹದಿನೇಳು ವರ್ಷದ ಹುಡುಗನೇ ಕಾಲೇಜನ್ನು ಆರಿಸುತ್ತಾನೆ. ಒಳ್ಳೆಯ ಹುಡುಗನಿಗೆ ಇಪ್ಪತ್ತು, ಮೂವತ್ತು ಕಾಲೇಜುಗಳು ಸ್ಕಾಲರ್‌ಶಿಪ್ ಕೊಡುತ್ತೇನೆ ಅನ್ನುತ್ತವೆ. ಹಾಗಾಗಿ ಕೋಚುಗಳು ಅವನ ಹೈಸ್ಕೂಲಿಗೆ, ಮನೆಗೆ ಬರಬೇಕು. ಸೋಫಾ ಮೇಲೆ ಕೂತು, ಅವನ ಅಮ್ಮ ಕೊಟ್ಟಿದ್ದನ್ನು ತಿಂದು, ನಾಯಿಯನ್ನೂ ಸವರಿ ಹೋಗಬೇಕು. ಹೆಣ್ಣು ನೋಡುವ ಶಾಸ್ತ್ರ ಅಂದುಕೊಳ್ಳಿ. ಉಪ್ಪಿಟ್ಟು ಕೇಸರಿಬಾತ್ ಇರಲ್ಲ ಅಷ್ಟೇ.

ಇನ್ನೊಂದು ವಿಷಯ. ಕಾಲೇಜಿನ ಹಳೇ ಸ್ಟಾರ್ ಹೊರಗಿದ್ದುಕೊಂಡು ಹುಡುಗನ ಮನೆಗೆ ಹೋಗಿ "ನಮ್ಮ ಕಾಲೇಜಿಗೆ ಬಾರೋ" ಅಂತ ಕರೆಯುವ ಹಾಗಿಲ್ಲ. ನಿಯಮದ ಕಣ್ಣಿನಲ್ಲಿ ಅವನು ಬೂಸ್ಟರ್, ಅಂದರೆ ಕಾಲೇಜಿನ ಹಿತೈಷಿ. ಕಾಲೇಜಿನ ಹೊರಗೆ ಹೋಗಿ ಹುಡುಗರನ್ನು ಕರೆಯುವ ಹಕ್ಕು ಹೆಡ್ ಕೋಚ್ ಮತ್ತು ಹತ್ತು ಅಸಿಸ್ಟೆಂಟ್‌ಗಳಿಗೆ ಮಾತ್ರ. ಹಾಗಾಗಿ ಸ್ಟಾರ್‌ನ ಹೆಸರು ಮನೆ ಬಾಗಿಲಲ್ಲಿ ಕೆಲಸ ಮಾಡಬೇಕಾದರೆ, ಅವನನ್ನು ಕೆಲಸಕ್ಕೇ ಸೇರಿಸಿಕೊಳ್ಳಬೇಕು.


ಅಟ್ಲಾಂಟಾ_ಅಕ್ಕ
ಭಾನುವಾರ, ಬೆಳಿಗ್ಗೆ 11:18

ಸ್ಟಾರ್ ಅಂದ ಮೇಲೆ ಡಿಯಾನ್ ಸ್ಯಾಂಡರ್ಸ್ ಹೆಸರು ಬರಲೇಬೇಕು. ನಮ್ಮ ಮನೆ ಇರುವುದು ಸುವಾನಿ ಕಡೆ. ಟ್ರಾವಿಸ್ ಹಂಟರ್ ಓದಿದ ಕಾಲಿನ್ಸ್ ಹಿಲ್ ಹೈಸ್ಕೂಲ್ ನಮ್ಮ ದಿನಸಿ ಅಂಗಡಿಗೆ ಹೋಗುವ ದಾರಿಯಲ್ಲೇ ಸಿಗುತ್ತದೆ.

2021ರ ಡಿಸೆಂಬರ್. ದೇಶದ ನಂಬರ್ 1 ಹುಡುಗ ಅವನು. ಫ್ಲಾರಿಡಾ ಸ್ಟೇಟ್‌ಗೆ ಬರುತ್ತೇನೆ ಅಂತ ಮುಂಚೆಯೇ ಮಾತು ಕೊಟ್ಟಿದ್ದ. ಕೊನೇ ಗಳಿಗೆಯಲ್ಲಿ ಮಿಸಿಸಿಪ್ಪಿಯ ಜ್ಯಾಕ್ಸನ್ ಸ್ಟೇಟ್ ಅಂದ. ಅದು ಚಾರಿತ್ರಿಕವಾಗಿ ಕಪ್ಪು ಜನರಿಗಾಗಿ ಇದ್ದ ಕಾಲೇಜು, ಆಡುವುದು ಒಂದು ಮೆಟ್ಟಿಲು ಕೆಳಗಿನ ವಿಭಾಗದಲ್ಲಿ. ಅಂಥ ಕಡೆ ನಂಬರ್ 1 ಹುಡುಗ ಹೋಗಿದ್ದೇ ಇಲ್ಲ. ಕಾರಣ ಒಂದೇ, ಅಲ್ಲಿ ಡಿಯಾನ್ ಹೆಡ್ ಕೋಚ್. ಮಜಾ ಏನು ಗೊತ್ತಾ? ಡಿಯಾನ್ ಸ್ವತಃ ಆಡಿದ್ದು ಫ್ಲಾರಿಡಾ ಸ್ಟೇಟ್‌ಗೇ. ತವರಿನ ತಟ್ಟೆಯಿಂದಲೇ ಎತ್ತಿಕೊಂಡ.

ಆಮೇಲೆ ಇಬ್ಬರೂ ಕೊಲೊರಾಡೊಗೆ ಹೋದರು. 2022ರಲ್ಲಿ 1-11 ಇದ್ದ ತಂಡ 2024ರಲ್ಲಿ 9-4 ಆಯಿತು. ಹಂಟರ್‌ಗೆ ವರ್ಷದ ಶ್ರೇಷ್ಠ ಕಾಲೇಜ್ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಬಂತು.

ಆದರೆ ಇದು ಊರಿನ ಹುಡುಗರನ್ನು ಹಿಡಿಯುವ ಕಥೆ ಅಲ್ಲ, ಅದನ್ನು ಗಮನಿಸಿ. ಡಿಯಾನ್ ಹುಡುಗರ ಮನೆಗೆ ಹೋಗುವವರೇ ಅಲ್ಲ. ಜನ ಅವರ ಹತ್ತಿರ ಬರಬೇಕು. ತಂಡ ತುಂಬಿಸಿದ್ದು ಬೇರೆ ಕಾಲೇಜುಗಳಿಂದ ಟ್ರಾನ್ಸ್‌ಫರ್ ಆಗಿ ಬಂದವರಿಂದ. ಮೊದಲ ವರ್ಷ ಎಂಬತ್ತಕ್ಕೂ ಹೆಚ್ಚು ಹೊಸ ಮುಖಗಳು! ಹಂಟರ್ ಮತ್ತು ಡಿಯಾನ್ ಮಗ ಶೆಡೂರ್ ಹೊರಟ ಮೇಲೆ 2025ರಲ್ಲಿ ಮತ್ತೆ 3-9.

ಕರ್ಬಿ ಸ್ಮಾರ್ಟ್ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಕುಕ್ಕರ್ ಕೂಗುತ್ತಿದೆ.


ಆಬರ್ನ್_ಪಿಎಚ್‌ಡಿ
ಭಾನುವಾರ, ಮಧ್ಯಾಹ್ನ 1:02

ಒಮಾಹಾ ಅಣ್ಣ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ನಾನು ಕಣ್ಣಾರೆ ಕಂಡಿದ್ದನ್ನು ಹೇಳಲೇಬೇಕು.

2022ರಲ್ಲಿ ನಾನು ಆಬರ್ನ್‌ನಲ್ಲಿ ಎರಡನೇ ವರ್ಷದ ಪಿಎಚ್‌ಡಿ. ಅಲ್ಲಿಯವರೆಗೆ ಒಂದು ಮ್ಯಾಚೂ ನೋಡಿರಲಿಲ್ಲ. ನಮ್ಮ ಲ್ಯಾಬಿಗೆ ಶನಿವಾರ ಪಾರ್ಕಿಂಗ್ ಸಿಗಲ್ಲ ಅನ್ನುವುದೊಂದೇ ನನಗೂ ಫುಟ್‌ಬಾಲಿಗೂ ಇದ್ದ ಸಂಬಂಧ. ಅಕ್ಟೋಬರ್ 31ಕ್ಕೆ ಹೆಡ್ ಕೋಚ್ ಬ್ರಯಾನ್ ಹಾರ್ಸಿನ್ ಅವರನ್ನು ತೆಗೆದರು. ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವರ) ಕೋಚ್ ಆಗಿದ್ದ ಕಾರ್ನೆಲ್ ವಿಲಿಯಮ್ಸ್ ಕೈಗೆ ಉಳಿದ ನಾಲ್ಕು ಮ್ಯಾಚ್ ಕೊಟ್ಟರು. ಎಲ್ಲರೂ ಕರೆಯುವುದು ಕ್ಯಾಡಿಲ್ಯಾಕ್ ಅಂತ. ಅಲಬಾಮಾದ ಅಟಾಲ್ಲಾ ಅನ್ನುವ ಸಣ್ಣ ಊರಿನವರು. 2004ರಲ್ಲಿ ಆಬರ್ನ್ 13-0 ಆದಾಗ ಆ ತಂಡದ ಪ್ರಾಣ. ಮರುವರ್ಷ ಎನ್‌ಎಫ್‌ಎಲ್ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸುವಾಗ, 5ನೇ ಆಯ್ಕೆ. ಆಬರ್ನ್ ಫುಟ್‌ಬಾಲಿಗೆ ಕಪ್ಪು ಜನಾಂಗದ ಮೊದಲ ಹೆಡ್ ಕೋಚ್ ಅವರೇ, ಹಂಗಾಮಿ ಆಗಿದ್ದರೂ.

ಮೊದಲ ಮ್ಯಾಚ್ ಮಿಸಿಸಿಪ್ಪಿ ಸ್ಟೇಟ್ ಎದುರು ಎಕ್ಸ್‌ಟ್ರಾ ಟೈಮಿನಲ್ಲಿ ಸೋತರು. ಎರಡನೆಯದು ಟೆಕ್ಸಸ್ ಎ ಅಂಡ್ ಎಂ, ನಮ್ಮೂರಿನಲ್ಲೇ. ಎರಡೂ ತಂಡ ಆ ವರ್ಷ ಸೋತು ಸುಣ್ಣವಾಗಿದ್ದವು. ಯಾರು ಬರುತ್ತಾರೆ ಅಂದುಕೊಂಡೆ. ರೂಮ್‌ಮೇಟ್ ಎಳೆದುಕೊಂಡು ಹೋದ. ಕಾಲಿಡಲು ಜಾಗ ಇರಲಿಲ್ಲ! 13-10, ಅಂಥ ಚಂದದ ಆಟವೂ ಅಲ್ಲ. ಗೆದ್ದ ಮೇಲೆ ಅವರು ಕಣ್ಣೀರು ಒರೆಸಿಕೊಂಡರು. ನನ್ನ ಪಕ್ಕದಲ್ಲಿ ಕೂತಿದ್ದ ಎಪ್ಪತ್ತರ ಅಜ್ಜಿಯೂ ಒರೆಸಿಕೊಂಡಳು. ಏನೂ ಗೊತ್ತಿಲ್ಲದ ನನಗೂ ಗಂಟಲು ಕಟ್ಟಿತು, ಯಾಕೋ.

ಹೊಸ ಹೆಡ್ ಕೋಚ್ ಹ್ಯೂ ಫ್ರೀಜ್ ಬಂದಾಗ ಹಳೇ ಕೋಚುಗಳಲ್ಲಿ ಇವರನ್ನು ಉಳಿಸಿಕೊಂಡರು. ಯಾಕೆ? ಅಲಬಾಮಾದ ಹೈಸ್ಕೂಲ್ ಕೋಚುಗಳಿಗೆ ಇವರ ಫೋನ್ ನಂಬರ್ ಗೊತ್ತು, ಇವರಿಗೆ ಅವರದ್ದು. ಹೆಡ್ ಕೋಚ್ ಬದಲಾದಾಗ ಹುಡುಗರು "ನಾವು ಬರಲ್ಲ" ಅಂತ ಕೈ ಎತ್ತುವುದು ಮಾಮೂಲು. ಆಗ ಒಂದು ಪರಿಚಿತ ಮುಖ ಇರಬೇಕು.


ಒಮಾಹಾದ_ಹುಬ್ಳಿಯವ
ಭಾನುವಾರ, ಮಧ್ಯಾಹ್ನ 1:20

ಸರಿ ತಮ್ಮಾ, ಆದರೆ ಕ್ಯಾಡಿಲ್ಯಾಕ್ ಈಗ ಎಲ್ಲಿ? 2024ರ ಜನವರಿಯಲ್ಲಿ ಆಬರ್ನ್ ಬಿಟ್ಟರು. ಆಮೇಲೆ ಎನ್‌ಎಫ್‌ಎಲ್‌ಗೆ, ರೇಡರ್ಸ್ ತಂಡಕ್ಕೆ. ಅವರನ್ನು ನಂಬಿ ಬಂದ ಹುಡುಗರು?


ಆಬರ್ನ್_ಪಿಎಚ್‌ಡಿ
ಭಾನುವಾರ, ಮಧ್ಯಾಹ್ನ 1:24

ಅದು ಎಲ್ಲ ಕೋಚಿಗೂ ಅನ್ವಯಿಸುತ್ತದೆ ಅಲ್ವಾ? ಸ್ಟಾರ್ ಅನ್ನುವ ಕಾರಣಕ್ಕೆ ಇವರೊಬ್ಬರ ತಲೆಗೆ ಕಟ್ಟಬೇಡಿ.


ಅಟ್ಲಾಂಟಾ_ಅಕ್ಕ
ಭಾನುವಾರ, ಮಧ್ಯಾಹ್ನ 2:45

ಇಲ್ಲಪ್ಪ, ಸ್ವಲ್ಪ ವ್ಯತ್ಯಾಸ ಇದೆ. ನಮ್ಮ ದೊಡ್ಡ ಮಗನ ಜೊತೆ ಆಡುತ್ತಿದ್ದ ಹುಡುಗನ ಕಥೆ ಹೇಳುತ್ತೇನೆ. ಕಾಲೇಜು, ಕೋಚು, ಯಾರ ಹೆಸರೂ ಹೇಳಲ್ಲ.

ಆ ಹುಡುಗನ ಅಪ್ಪನಿಗೆ ಒಬ್ಬ ಆಟಗಾರ ಅಂದರೆ ದೇವರು. ಆತನ ಜರ್ಸಿ ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದ್ದರು. ಅದೇ ಆಟಗಾರ ಕೋಚ್ ಆಗಿ ಮನೆಗೆ ಬಂದು, ಅದೇ ಜರ್ಸಿಯ ಕೆಳಗೆ ಕೂತು "ನಿಮ್ಮ ಮಗನನ್ನು ನಾನು ನೋಡಿಕೊಳ್ಳುತ್ತೇನೆ" ಅಂದರೆ ಯಾರು ತಾನೇ ಬೇಡ ಅನ್ನುತ್ತಾರೆ? ಅಮ್ಮನಿಗೆ ಬೇರೆ ಕಾಲೇಜು ಇಷ್ಟ ಇತ್ತು, ಓದಿಗೆ ಒಳ್ಳೆಯದು ಅಂತ. ಅವಳ ಮಾತು ನಡೆಯಲಿಲ್ಲ. ಹುಡುಗ ಸಹಿ ಹಾಕಿದ. ಅವನು ಹಾಸ್ಟೆಲ್ ಸೇರುವ ಮೊದಲೇ ಆ ಕೋಚ್ ಬೇರೆ ಕೆಲಸಕ್ಕೆ ಹೋದರು. ಹೊಸಬರಿಗೆ ಇವನ ಆಟ ಹಿಡಿಸಲಿಲ್ಲ. ಎರಡು ವರ್ಷ ಬೆಂಚು.

ಎಲ್ಲ ಕೋಚುಗಳೂ ಹೋಗುತ್ತಾರೆ, ನಿಜ. ಆದರೆ ಸಾಮಾನ್ಯ ಕೋಚ್ ಬಂದಾಗ ಅಪ್ಪ ಅಮ್ಮ ಪ್ರಶ್ನೆ ಕೇಳುತ್ತಾರೆ. ಸ್ಟಾರ್ ಬಂದಾಗ ಫೋಟೋ ಕೇಳುತ್ತಾರೆ. ಆ ಅಮ್ಮ ಈಗಲೂ ನನ್ನ ಹತ್ತಿರ ಇದೇ ಮಾತು ಆಡುತ್ತಾಳೆ.

ಕರ್ಬಿ ಬಗ್ಗೆ ಹೇಳುತ್ತೇನೆ ಅಂದಿದ್ದೆ. ನಮ್ಮ ಜಾರ್ಜಿಯಾ ಕಾಲೇಜಿನ ಹೆಡ್ ಕೋಚ್ ಅವರು, ಅಲ್ಲೇ ಆಡಿದವರೇ, 1990ರ ದಶಕದಲ್ಲಿ. ಒಳ್ಳೆಯ ಆಟಗಾರ, ಆದರೆ ಗೋಡೆಗೆ ಜರ್ಸಿ ಹಾಕುವಂಥ ಸ್ಟಾರ್ ಅಲ್ಲ. ಎನ್‌ಎಫ್‌ಎಲ್ ಡ್ರಾಫ್ಟಿನಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಅವರ ಬಂಡವಾಳ ಬೇರೆ. ಅವರ ಅಪ್ಪ ಬೇನ್‌ಬ್ರಿಡ್ಜ್ ಅನ್ನುವ ಊರಿನಲ್ಲಿ ಹೈಸ್ಕೂಲ್ ಕೋಚ್ ಆಗಿದ್ದವರು. ಹಾಗಾಗಿ ಹೈಸ್ಕೂಲ್ ಕೋಚುಗಳ ಮನೆ ಹೇಗಿರುತ್ತದೆ, ಅವರಿಗೆ ಯಾವಾಗ ಕೋಪ ಬರುತ್ತದೆ, ಎಲ್ಲ ಅವರಿಗೆ ಹುಟ್ಟಿನಿಂದ ಗೊತ್ತು. 2021 ಮತ್ತು 2022, ಸತತ ಎರಡು ಸೀಸನ್ ಚಾಂಪಿಯನ್.


ಬೇಏರಿಯಾ_ಭಟ್ರು
ಭಾನುವಾರ, ಮಧ್ಯಾಹ್ನ 3:30

ನಮ್ಮಲ್ಲಿ ಸ್ವಲ್ಪ ಬೇರೆ ಪ್ರಯೋಗ ನಡೆಯುತ್ತಿದೆ ಮಾರಾಯ್ರೇ. ಸ್ಟ್ಯಾನ್‌ಫರ್ಡ್ ತನ್ನ ಹಳೇ ಹೀರೋನನ್ನು ಕೋಚ್ ಮಾಡಲಿಲ್ಲ, ಧಣಿ ಮಾಡಿತು.

ಆಂಡ್ರ್ಯೂ ಲಕ್. ಎರಡು ಸಲ ಹೈಸ್ಮನ್ ಪ್ರಶಸ್ತಿಯಲ್ಲಿ ಎರಡನೇ ಸ್ಥಾನ. 29ನೇ ವಯಸ್ಸಿಗೆ ಎನ್‌ಎಫ್‌ಎಲ್ ಸಾಕು ಅಂತ ಬಿಟ್ಟವರು. ಸ್ಟ್ಯಾನ್‌ಫರ್ಡ್ ಸತತ ನಾಲ್ಕು ವರ್ಷ, 2021ರಿಂದ 2024ರವರೆಗೆ, 3-9. ಅದೂ ಒಂದು ದಾಖಲೆಯೇ ಇರಬೇಕು. 2024ರ ನವೆಂಬರ್ ಕೊನೆಗೆ ಲಕ್ ಜನರಲ್ ಮ್ಯಾನೇಜರ್ ಆದರು. ನಾಲ್ಕೇ ತಿಂಗಳಿಗೆ ಹೆಡ್ ಕೋಚನ್ನು ತೆಗೆದರು. ಒಂದು ವರ್ಷದ ಮಟ್ಟಿಗೆ ಫ್ರಾಂಕ್ ರೈಕ್ ಬಂದರು. ಆಮೇಲೆ ತವೀಟಾ ಪ್ರಿಚರ್ಡ್.

ಪ್ರಿಚರ್ಡ್ ಯಾರು ಅಂತ ಗೊತ್ತುಂಟಾ? 2007ರಲ್ಲಿ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ) ತಂಡವನ್ನು ಅದರ ಮನೆಯಲ್ಲೇ 24-23ಕ್ಕೆ ಸೋಲಿಸಿದ ಕ್ವಾರ್ಟರ್‌ಬ್ಯಾಕ್. ಬೆಟ್ಟಿಂಗಿನವರು ಸ್ಟ್ಯಾನ್‌ಫರ್ಡ್ 41 ಪಾಯಿಂಟಿಗೆ ಸೋಲುತ್ತದೆ ಅಂದಿದ್ದರು. ಎರಡು ವರ್ಷದ ನಂತರ ಅವರ ಜಾಗವನ್ನು ಕಿತ್ತುಕೊಂಡ ಹುಡುಗ ಯಾರು? ಇದೇ ಲಕ್! ತನ್ನಿಂದ ಬೆಂಚಿಗೆ ಹೋದವನನ್ನೇ ಹುಡುಕಿ ಹೆಡ್ ಕೋಚ್ ಮಾಡಿದ್ದಾನೆ. ನಮ್ಮ ಯಕ್ಷಗಾನದ ಪ್ರಸಂಗಕ್ಕೆ ಆಗುವಂಥ ಕಥೆ.

ಈಗಿನ ಕಾಲಕ್ಕೆ ಲಕ್ ದಾರಿಯೇ ಸರಿ ಅಂತ ನನ್ನ ಅಭಿಪ್ರಾಯ. 2021ರ ಜುಲೈನಿಂದ ಹುಡುಗರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು. 2025ರ ಜುಲೈನಿಂದ ಕಾಲೇಜೇ ನೇರವಾಗಿ ಆಟಗಾರರಿಗೆ ಕೊಡಬಹುದು, ಒಂದು ಕಾಲೇಜಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಮಿತಿ. ಹಾಗಿರುವಾಗ ಸ್ಟಾರ್ ಮಾಡಬೇಕಾದ ಕೆಲಸ ಹುಡುಗನ ಅಮ್ಮನ ಜೊತೆ ಚಹಾ ಕುಡಿಯುವುದಲ್ಲ. ಶ್ರೀಮಂತ ಹಳೇ ವಿದ್ಯಾರ್ಥಿಗಳ ಜೊತೆ ಊಟ ಮಾಡುವುದು. ಅವರಿಗೂ ನಲವತ್ತು ದಾಟಿರುತ್ತದೆ, ಅವರಿಗೆ ಲಕ್ ನೆನಪಿರುತ್ತಾನೆ.


ಸುಮ್ನೆ_ಓದೋಳು
ಭಾನುವಾರ, ಸಂಜೆ 4:02

ಭಟ್ರ ಕೊನೇ ಸಾಲಿಗೆ ನನ್ನ ಪೂರ್ತಿ ಮಾರ್ಕು.


ಡೆಲವೇರ್_ಮಾವ
ಭಾನುವಾರ, ಸಂಜೆ 5:15

ಚಿಕ್ಕ ಕಾಲೇಜುಗಳ ಬಗ್ಗೆ ಯಾರೂ ಮಾತಾಡಲಿಲ್ಲ. ನಮ್ಮ ಡೋವರ್‌ನಲ್ಲಿ ಡೆಲವೇರ್ ಸ್ಟೇಟ್ ಇದೆ. ಮೊದಲು ಆ ತಂಡದ ಮ್ಯಾಚಿಗೆ ಟಿಕೆಟ್ ಸುಮ್ನೆ ಕೊಟ್ಟರೂ ಜನ ಯೋಚಿಸುತ್ತಿದ್ದರು. 2024ರ ಕೊನೆಗೆ ಡಿಶಾನ್ ಜ್ಯಾಕ್ಸನ್ ಹೆಡ್ ಕೋಚ್ ಆಗಿ ಬಂದರು. ಅವರು ಈ ಕಾಲೇಜಿನವರಲ್ಲ, ಈ ರಾಜ್ಯದವರೂ ಅಲ್ಲ. ಕ್ಯಾಲಿಫೋರ್ನಿಯಾದವರು. ಆದರೆ ಎನ್‌ಎಫ್‌ಎಲ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್‌ಗೆ ಆಡಿದವರು. ಇಲ್ಲಿ ಹಾಲು ಹಾಕುವವನಿಂದ ಡೆಂಟಿಸ್ಟ್‌ವರೆಗೆ ಎಲ್ಲ ಈಗಲ್ಸ್ ಅಭಿಮಾನಿಗಳೇ. ಅಂದರೆ ಲೋಕಲ್ ಅನ್ನುವುದಕ್ಕೆ ಹುಟ್ಟಿದ ಊರೇ ಆಗಬೇಕಿಲ್ಲ.

ಅದೇ ಹೊತ್ತಿಗೆ ಮೈಕಲ್ ವಿಕ್ ವರ್ಜೀನಿಯಾದ ನಾರ್ಫೋಕ್ ಸ್ಟೇಟ್ ಕಾಲೇಜಿಗೆ ಹೆಡ್ ಕೋಚ್ ಆಗಿ ಹೋದರು. ವಿಕ್ ಪಕ್ಕದ ನ್ಯೂಪೋರ್ಟ್ ನ್ಯೂಸ್‌ನಲ್ಲೇ ಹುಟ್ಟಿ ಬೆಳೆದವರು. ಇಬ್ಬರೂ ಈಗಲ್ಸ್‌ನಲ್ಲಿ ಜೊತೆಗೆ ಆಡಿದ್ದವರು. 2025ರ ಅಕ್ಟೋಬರ್ 30ಕ್ಕೆ ಎರಡು ತಂಡಗಳೂ ಈಗಲ್ಸ್‌ನ ಮೈದಾನದಲ್ಲೇ ಎದುರಾದವು. ನಾನು ಹೋಗಿದ್ದೆ. 27-20, ನಾವು ಗೆದ್ದೆವು. ಈ ಎರಡು ಕಾಲೇಜುಗಳ ಮ್ಯಾಚಿಗೆ ಅಷ್ಟು ದೊಡ್ಡ ಮೈದಾನ ಬೇಕಾಗುತ್ತದೆ ಅಂತ ಎರಡು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ಊರಿನ ಮಗ ಅನ್ನುವ ಲೆಕ್ಕದಲ್ಲಿ ವಿಕ್ ಗೆಲ್ಲಬೇಕಿತ್ತು. ಮೊದಲ ವರ್ಷ ಗೆದ್ದಿದ್ದು ಹೊರಗಿನವನು. ಇದಕ್ಕೆ ಏನು ಹೇಳುತ್ತೀರಿ?


ಟ್ಯಾಂಪಾ_ತಿಪಟೂರು
ಭಾನುವಾರ, ಸಂಜೆ 6:40

ಹಳೇ ಪುರಾಣ ಒಂದು ಹೇಳಲಾ? 1979ರಲ್ಲಿ ಹವರ್ಡ್ ಷ್ನೆಲೆನ್‌ಬರ್ಗರ್ ಅನ್ನುವವರು ಮಯಾಮಿ ಕಾಲೇಜಿಗೆ ಕೋಚ್ ಆಗಿ ಬಂದರು. ಅವರು ಮಯಾಮಿಯಲ್ಲಿ ಓದಿದವರಲ್ಲ. ದಕ್ಷಿಣ ಫ್ಲಾರಿಡಾಕ್ಕೆ ಬೇಲಿ ಹಾಕಿದ ಹಾಗೆ ಮಾಡಿ, "ಸ್ಟೇಟ್ ಆಫ್ ಮಯಾಮಿ" ಅಂತ ಹೆಸರಿಟ್ಟರು. ಬೇಲಿಯೊಳಗಿನ ಹುಡುಗರು ಮೊದಲು ನಮಗೆ, ಆಮೇಲೆ ಉಳಿದವರಿಗೆ. 1983ರ ಸೀಸನ್ನಿಗೆ ಚಾಂಪಿಯನ್. ಅಂದರೆ ಲೋಕಲ್ ರಿಕ್ರೂಟಿಂಗ್‌ನ ಗುರುವೇ ಹೊರಗಿನವರು.

ಆಮೇಲೆ 2007ರಲ್ಲಿ ರ‍್ಯಾಂಡಿ ಶಾನನ್ ಹೆಡ್ ಕೋಚ್ ಆದರು. ಮಯಾಮಿಯಲ್ಲೇ ಬೆಳೆದು, ಮಯಾಮಿಗೇ ಆಡಿ ಚಾಂಪಿಯನ್ ಆದವರು. ಇದಕ್ಕಿಂತ ಲೋಕಲ್ ಯಾರೂ ಇಲ್ಲ. ಮಯಾಮಿ ನಾರ್ತ್‌ವೆಸ್ಟರ್ನ್ ಅನ್ನುವ ಒಂದೇ ಹೈಸ್ಕೂಲಿನಿಂದ ಎಂಟು ಹುಡುಗರು 2008ರಲ್ಲಿ ಬಂದರು. ಎಂಟು! ಪೇಪರಿನಲ್ಲಿ ಹಬ್ಬ. ಆದರೆ ನಾಲ್ಕು ವರ್ಷಕ್ಕೆ 28-22, ಕೆಲಸ ಹೋಯಿತು. ಹುಡುಗರು ಬರುವುದು ಬೇರೆ, ಬಂದವರನ್ನು ತಿದ್ದುವುದು ಬೇರೆ.


ಕೊಲಂಬಸ್_ಕನ್ನಡಿಗ
ಭಾನುವಾರ, ರಾತ್ರಿ 9:50

ಎಲ್ಲ ಓದಿದೆ. ಈಗ ನಮ್ಮೂರಿನ ಕಥೆ.

ನಮ್ಮ ಒಹಾಯೊ ಸ್ಟೇಟ್ ಕಾಲೇಜಿನಲ್ಲಿ ಬ್ರಯಾನ್ ಹಾರ್ಟ್‌ಲೈನ್ ಅಂತ ಇದ್ದರು. ಕ್ಯಾಂಟನ್ ಕಡೆಯ ಹುಡುಗ, ಇಲ್ಲೇ ಆಡಿದವರು. 2009ರಲ್ಲಿ ಎನ್‌ಎಫ್‌ಎಲ್‌ಗೆ ನಾಲ್ಕನೇ ಸುತ್ತಿನಲ್ಲಿ ಆಯ್ಕೆ. ಸ್ಟಾರ್ ಅನ್ನಬಹುದು, ಸೂಪರ್‌ಸ್ಟಾರ್ ಅಲ್ಲ. 2017ರಲ್ಲಿ ಸಣ್ಣ ಕೆಲಸಕ್ಕೆ ಸೇರಿಕೊಂಡರು, ಆಟಗಾರರಿಗೆ ಕಲಿಸುವ ಹಾಗೂ ಇಲ್ಲ, ಹೊರಗೆ ಹೋಗಿ ಹುಡುಗರನ್ನು ಕರೆಯುವ ಹಾಗೂ ಇಲ್ಲ. ವಿಡಿಯೋ ನೋಡುವುದು, ಚೀಟಿ ಬರೆಯುವುದು. 2018ರಲ್ಲಿ ರಿಸೀವರ್ ಕೋಚ್ ಜಾಗ ಇದ್ದಕ್ಕಿದ್ದ ಹಾಗೆ ಖಾಲಿಯಾಗಿ ಇವರಿಗೆ ಸಿಕ್ಕಿತು.

ಅವರ ಕೈಕೆಳಗೆ ಆಡಿ ಎನ್‌ಎಫ್‌ಎಲ್ ಮೊದಲ ಸುತ್ತಿಗೆ ಹೋದವರು: ಗ್ಯಾರೆಟ್ ವಿಲ್ಸನ್, ಕ್ರಿಸ್ ಒಲಾವೆ, ಜ್ಯಾಕ್ಸನ್ ಸ್ಮಿತ್-ಎನ್‌ಜಿಗ್ಬಾ, ಮಾರ್ವಿನ್ ಹ್ಯಾರಿಸನ್ ಜೂನಿಯರ್, ಎಮೆಕಾ ಎಗ್ಬೂಕಾ. ಈಗ ಇವರ ಹೈಸ್ಕೂಲ್ ಎಲ್ಲಿ ನೋಡಿ. ಟೆಕ್ಸಸ್, ಕ್ಯಾಲಿಫೋರ್ನಿಯಾ, ಮತ್ತೆ ಟೆಕ್ಸಸ್, ಫಿಲಡೆಲ್ಫಿಯಾ, ವಾಷಿಂಗ್ಟನ್ ರಾಜ್ಯ. ಒಬ್ಬನೂ ಒಹಾಯೊ ಹೈಸ್ಕೂಲಿನವನಲ್ಲ! ಆಮೇಲೆ ಜೆರೆಮಾಯಾ ಸ್ಮಿತ್, ದಕ್ಷಿಣ ಫ್ಲಾರಿಡಾದವನು, ತಿಪಟೂರು ಸರ್ ಹೇಳಿದ ಬೇಲಿಯ ಒಳಗಿನವನು. ಮಯಾಮಿಯ ಈಗಿನ ಕೋಚ್ ಮಾರಿಯೊ ಕ್ರಿಸ್ಟೊಬಾಲ್ ಅಲ್ಲೇ ಹುಟ್ಟಿ ಅಲ್ಲೇ ಆಡಿ ಎರಡು ಸಲ ಚಾಂಪಿಯನ್ ಆದವರು. ಸಹಿ ಹಾಕುವ ದಿನ ಸಂಜೆಯವರೆಗೂ ಎಳೆದಾಡಿದರು. ಆದರೂ ಹುಡುಗ ಕೊಲಂಬಸ್‌ಗೇ ಬಂದ. ಹಾರ್ಟ್‌ಲೈನ್ ಎನ್‌ಎಫ್‌ಎಲ್‌ನ ಡಾಲ್ಫಿನ್ಸ್‌ಗೆ ಆರು ವರ್ಷ ಆಡಿದ್ದು ಅದೇ ಮಯಾಮಿಯಲ್ಲಿ, ಅದನ್ನೂ ಮರೆಯಬೇಡಿ.

ಹಾಗಾದರೆ ಹುಡುಗರು ಬಂದಿದ್ದು ಯಾಕೆ? ಹಾರ್ಟ್‌ಲೈನ್ 2006ರಿಂದ 2008ರವರೆಗೆ ಹಿಡಿದ ಕ್ಯಾಚುಗಳಿಗಾಗಿ ಖಂಡಿತ ಅಲ್ಲ. ಹಿಂದಿನ ವರ್ಷ ಅವರ ಕೈಯಿಂದ ಯಾರು ಮೊದಲ ಸುತ್ತಿಗೆ ಹೋದರು ಅನ್ನುವುದಕ್ಕಾಗಿ. ಹುಡುಗರಿಗೆ ಗೊತ್ತಿರುವ ಸ್ಟಾರ್ ಕೋಚ್ ಅಲ್ಲ, ಕೋಚಿನ ಶಿಷ್ಯ.

ಊರಿನ ಹುಡುಗರ ಲೆಕ್ಕ ಪೂರ್ತಿ ಬೇರೆ. ಕ್ಲೀವ್‌ಲ್ಯಾಂಡ್‌ನ ಗ್ಲೆನ್‌ವಿಲ್ ಹೈಸ್ಕೂಲಿನ ಕೋಚ್ ಟೆಡ್ ಗಿನ್ ಸೀನಿಯರ್. ಅವರ ಕೈಯಿಂದ ಒಹಾಯೊ ಸ್ಟೇಟ್‌ಗೆ ಬಂದವರು ಅವರ ಮಗ ಟೆಡ್ ಗಿನ್ ಜೂನಿಯರ್, 2006ರಲ್ಲಿ ಹೈಸ್ಮನ್ ಗೆದ್ದ ಟ್ರಾಯ್ ಸ್ಮಿತ್, ಕಾರ್ಡೇಲ್ ಜೋನ್ಸ್, ಮಾರ್ಷಾನ್ ಲ್ಯಾಟಿಮೋರ್. ಅಂಥ ಒಬ್ಬ ಹೈಸ್ಕೂಲ್ ಕೋಚಿಗೆ ನಿಮ್ಮ ಮೇಲೆ ನಂಬಿಕೆ ಬಂದರೆ ಹದಿನೈದು ವರ್ಷ ಹುಡುಗರು ಬರುತ್ತಾರೆ. ಒಬ್ಬ ಹುಡುಗನನ್ನು ಕೈಬಿಟ್ಟರೆ ಆ ಬಾಗಿಲು ಮುಚ್ಚಿತು. ಹಳೇ ಸ್ಟಾರ್ ಕೆಲಸಕ್ಕೆ ಬರುವುದು ಇಲ್ಲಿ. ಅವನು ಆ ಹೈಸ್ಕೂಲ್ ಕೋಚಿಗೆ ನೆನಪಿರುತ್ತಾನೆ. ಬಹಳ ಸಲ ಆ ಕೋಚಿನ ಎದುರಾಳಿ ತಂಡದಲ್ಲಿ ಆಡಿದ ಹುಡುಗನೇ ಆಗಿರುತ್ತಾನೆ.


ಡೆಲವೇರ್_ಮಾವ
ಭಾನುವಾರ, ರಾತ್ರಿ 10:20

ಹಾಗಾದರೆ ಆ ಹೈಸ್ಕೂಲ್ ಕೋಚನ್ನೇ ಕೆಲಸಕ್ಕೆ ತೆಗೆದುಕೊಂಡರೆ ಮುಗಿಯಿತಲ್ಲ?


ಕೊಲಂಬಸ್_ಕನ್ನಡಿಗ
ಭಾನುವಾರ, ರಾತ್ರಿ 10:26

ಅದಕ್ಕೂ ಬೀಗ ಇದೆ ಮಾವ. ಹುಡುಗನ ಹೈಸ್ಕೂಲ್ ಕೋಚನ್ನೋ ನೆಂಟನನ್ನೋ ಆಫೀಸಿನ ಯಾವುದೋ ಕುರ್ಚಿಗೆ ತಂದು ಕೂರಿಸುವ ಹಾಗಿಲ್ಲ, ಹುಡುಗ ಸೇರುವ ಎರಡು ವರ್ಷ ಹಿಂದೆ ಮುಂದೆ. ಆ ಹತ್ತು ಕೋಚುಗಳಲ್ಲಿ ಒಬ್ಬರನ್ನಾಗಿ ತೆಗೆದುಕೊಂಡರೆ ಸರಿ. 2024ರಲ್ಲಿ ನಿಯಮ ಸಡಿಲಿಸಿ, ಮೈದಾನದಲ್ಲಿ ಎಷ್ಟು ಜನ ಬೇಕಾದರೂ ಕಲಿಸಬಹುದು ಅಂದರು. ಅಂದಿನಿಂದ ಹಳೇ ಆಟಗಾರರಿಗೆ ಕೆಲಸ ಜಾಸ್ತಿ. ಆದರೆ ಮನೆ ಬಾಗಿಲು ತಟ್ಟಲು ಈಗಲೂ ಹತ್ತೇ ಜನ. ಆ ಹತ್ತರಲ್ಲಿ ಒಂದು ಜಾಗವನ್ನು ಬರೀ ಹೆಸರಿಗೆ ಕೊಡುವುದು ದುಬಾರಿ.


ಒಮಾಹಾದ_ಹುಬ್ಳಿಯವ
ಭಾನುವಾರ, ರಾತ್ರಿ 10:41

ಅಂದರೆ ನಾನು ಹೇಳಿದ್ದೇ ಸರಿ ಆಯಿತು. ಹೆಸರು ನೋಡಿ ಕೆಲಸ ಕೊಡಬೇಡಿ.


ಆಬರ್ನ್_ಪಿಎಚ್‌ಡಿ
ಭಾನುವಾರ, ರಾತ್ರಿ 10:44

ಅಣ್ಣಾ, ಫ್ರಾಸ್ಟ್ ಹೆಡ್ ಕೋಚ್. ನಾವು ಮಾತಾಡುತ್ತಿರುವುದು ಅಸಿಸ್ಟೆಂಟ್‌ಗಳ ಬಗ್ಗೆ. ಅಡುಗೆಯವರು ಚೆನ್ನಾಗಿಲ್ಲ ಅಂತ ಬಡಿಸುವವರನ್ನು ಬೈಯಬೇಡಿ.


ಒಮಾಹಾದ_ಹುಬ್ಳಿಯವ
ಭಾನುವಾರ, ರಾತ್ರಿ 10:45

ಊಟ ಹಳಸಿದ್ದರೆ ಇಬ್ಬರನ್ನೂ ಬೈಯುತ್ತೇನೆ. ಶುಭರಾತ್ರಿ.


ಅಟ್ಲಾಂಟಾ_ಅಕ್ಕ
ಸೋಮವಾರ, ಬೆಳಿಗ್ಗೆ 7:30

ಕೊಲಂಬಸ್ ಅವರೇ, ಮುಖ್ಯ ವಿಷಯ ಬಿಟ್ಟೇಬಿಟ್ಟಿರಿ. ನಿಮ್ಮ ಬೀದಿಯ ಆ ಹುಡುಗ ಏನಾದ?


ಕೊಲಂಬಸ್_ಕನ್ನಡಿಗ
ಸೋಮವಾರ, ಮಧ್ಯಾಹ್ನ 12:15

ಇನ್ನೂ ತೀರ್ಮಾನ ಆಗಿಲ್ಲ ಅಕ್ಕ. ಸೆಪ್ಟೆಂಬರಿನಲ್ಲಿ ಬಂದಾಗ ಆ ಕೋಚಿಗೆ ಅವನ ಜೊತೆ ಮಾತಾಡುವ ಹಾಗೇ ಇರಲಿಲ್ಲ, ಆ ಅವಧಿಯಲ್ಲಿ ಆಟ ನೋಡಬಹುದು ಅಷ್ಟೇ. ಆಮೇಲೆ ಫೋನ್ ಬರುತ್ತಿತ್ತು, ಕಡಿಮೆ ಆಯಿತು. ಡಿಸೆಂಬರಿನಲ್ಲಿ ಸಹಿ ಹಾಕಿಸುತ್ತಾರೆ ಅಂದುಕೊಂಡಿದ್ದರು. ಆ ಜಾಗಕ್ಕೆ ಟ್ರಾನ್ಸ್‌ಫರ್ ಪೋರ್ಟಲಿನಿಂದ (ಕಾಲೇಜು ಬದಲಿಸಲು ಹೊರಟ ಆಟಗಾರರ ಪಟ್ಟಿ) ಇಪ್ಪತ್ತೆರಡು ವರ್ಷದವನನ್ನು ನೋಡುತ್ತಿದ್ದಾರಂತೆ. ಪೋರ್ಟಲ್ ಬಂದ ಮೇಲೆ ಹೈಸ್ಕೂಲ್ ಹುಡುಗರ ಪಾಡು ಇಷ್ಟೇ. ಈಗ ಜನವರಿ, ಫೆಬ್ರವರಿ ಸಹಿಗೆ ಇನ್ನು ಸ್ವಲ್ಪ ದಿನ.

ನಡುವೆ ಒಂದು ಚಿಕ್ಕ ಕಾಲೇಜು ಬಂದಿದೆ. ಅಲ್ಲಿನ ಕೋಚ್ ಹೆಸರು ನಾನು ಹುಡುಕಿ ನೋಡಿದೆ, ಆಡಿದ ದಿನಗಳ ಒಂದು ವಿಡಿಯೋ ಕೂಡ ಸಿಗಲಿಲ್ಲ. ಆತ ಮೂರು ಸಲ ಬಂದಿದ್ದಾರೆ. ಬರುವ ಗುರುವಾರ ಮನೆಗೆ ಬರುತ್ತಾರೆ. ಅದೇ ವಾರ ಸ್ಟಾರ್ ಕೋಚ್ ಕೂಡ ಬರುತ್ತೇನೆ ಅಂದಿದ್ದಾರಂತೆ. ಹುಡುಗನ ಅಪ್ಪ ಫೋಟೋ ಆಲ್ಬಮ್ ಹುಡುಕುತ್ತಿದ್ದಾರೆ, ಹಳೇ ಟಿಕೆಟ್ ತೋರಿಸಲು. ಅಮ್ಮ ಪ್ರಶ್ನೆಗಳ ಪಟ್ಟಿ ಮಾಡುತ್ತಿದ್ದಾರೆ. ಅಕ್ಕ, ನೀವು ಹೇಳಿದ ಜರ್ಸಿ ಕಥೆಯನ್ನು ಅವರಿಗೆ ಹೇಳಿದೆ. ಪಟ್ಟಿಗೆ ಇನ್ನೂ ನಾಲ್ಕು ಪ್ರಶ್ನೆ ಸೇರಿತು.

ನಮ್ಮ ಮನೆಯವರಿಗೂ ಒಂದು ಕೆಲಸ ಬಂದಿದೆ. ಹೋದ ಸಲ ಕೊಟ್ಟ ಚಿತ್ರಾನ್ನ ಹುಡುಗನ ಅಪ್ಪ ಅಮ್ಮನಿಗೆ ತುಂಬ ಹಿಡಿಸಿತ್ತಂತೆ. ಗುರುವಾರಕ್ಕೆ ಹದಿನೈದು ಜನಕ್ಕೆ ಆಗುವಷ್ಟು ಮಾಡಿಕೊಡಿ ಅಂದಿದ್ದಾರೆ.


ಸುಮ್ನೆ_ಓದೋಳು
ಸೋಮವಾರ, ಮಧ್ಯಾಹ್ನ 12:40

ಅಯ್ಯೋ, ಕಡಲೆಬೀಜ ಹಾಕುವ ಮುಂಚೆ ಕೋಚಿಗೆ ಅಲರ್ಜಿ ಇದೆಯಾ ಕೇಳಿಬಿಡಿ!


ಬೇಏರಿಯಾ_ಭಟ್ರು
ಸೋಮವಾರ, ಮಧ್ಯಾಹ್ನ 12:52

ಯಾವ ಕೋಚಿಗೆ ಚಿತ್ರಾನ್ನ, ಯಾವ ಕೋಚಿಗೆ ಬರೀ ಚಹಾ ಅಂತ ಮೊದಲು ತೀರ್ಮಾನ ಮಾಡಿ ಮಾರಾಯ್ರೇ. ಶುಕ್ರವಾರ ಬಂದು ಬರೆಯಿರಿ, ಕಾಯುತ್ತೇವೆ.